ಉಜ್ಜಿದಷ್ಟೂ ಹೊಳಪು, ಉಜ್ಜಿದಷ್ಟೂ ಸವೆತ

ಆಯುಧಪೂಜೆಯ ಹಿಂದಿನ ದಿನ ನಮ್ಮ ಊರುಗಳಲ್ಲಿ ತೊಳೆಯದ ವಾಹನ ಸಿಗುವುದು ಕಷ್ಟ. ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಅಂದು ಅಭ್ಯಂಜನ. ಆದರೆ ಹತ್ತು ಹದಿನೈದು ವರ್ಷ ಬಿಸಿಲು-ಮಳೆಗೆ ಮೈಯೊಡ್ಡಿ ನಿಂತ ಕಾರನ್ನು ಎಷ್ಟು ತೊಳೆದರೂ ಮಂಕು ಹೋಗುವುದಿಲ್ಲ. ಮೈಮೇಲೆ ನೀರಿರುವಷ್ಟು ಹೊತ್ತು ಅದು ಹೊಸ ಕಾರಿನಂತೆಯೇ ಮಿಂಚುತ್ತದೆ. ನೀರು ಆರಿದೊಡನೆ ಮತ್ತೆ ಅದೇ ಬೂದಿ ಬಳಿದಂಥ ಮುಖ.

ಇಂಥ ಕಾರನ್ನು ಬಣ್ಣದ ಶೆಡ್ಡಿಗೆ ಒಯ್ದವರಿಗೆ ಅಲ್ಲೊಂದು ಆಘಾತ ಕಾದಿರುತ್ತದೆ. ಕೆಲಸಗಾರ ಬಣ್ಣದ ಡಬ್ಬಿ ತೆರೆಯುವುದಿಲ್ಲ. ಬಕೆಟ್ಟಿನಲ್ಲಿ ನೆನೆಹಾಕಿದ್ದ ಉಪ್ಪುಕಾಗದದ ತುಂಡೊಂದನ್ನು ತೆಗೆದು ಬಾನೆಟ್ಟಿನ ಮೇಲೆ ಪರಪರನೆ ಉಜ್ಜತೊಡಗುತ್ತಾನೆ. ಅಲ್ಲಿ ಇಲ್ಲಿ ಉಳಿದಿದ್ದ ಹೊಳಪೂ ಹೋಗಿ ಇಡೀ ಬಾನೆಟ್ಟು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಹೊಳಪು ಬೇಕೆಂದು ಬಂದವರ ಕಣ್ಣೆದುರಿಗೇ ಕಾರಿನ ಮೈಯೆಲ್ಲ ಗೀರು! ಆದರೆ ಸಂಜೆಯ ಹೊತ್ತಿಗೆ, ಬಫಿಂಗ್ ಯಂತ್ರ ಒಂದೆರಡು ಸುತ್ತು ಓಡಾಡಿದ ಮೇಲೆ, ಅದೇ ಬಾನೆಟ್ಟಿನಲ್ಲಿ ಎದುರಿನ ಮರದ ಕೊಂಬೆಗಳನ್ನು ಎಣಿಸಬಹುದು.

ಗೀರಿ ಗೀರಿ ಹೊಳಪು ತರಿಸುವುದು ಹೇಗೆ? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಈ ವಿದ್ಯೆಯ ಹಿಂದೆ ಬೆಳಕಿನ ಶಾಸ್ತ್ರವಿದೆ, ಹಳೆಯ ಕುಶಲಕರ್ಮವಿದೆ, ಒಂದು ಮಹಾಯುದ್ಧದ ಉಳಿಕೆಯೂ ಇದೆ. ಕಾರಿನ ಮಾಲೀಕರೂ ಅದನ್ನು ಉಜ್ಜುವ ಕೈಗಳೂ ತಿಳಿದಿರಬೇಕಾದ ಎರಡು ಎಚ್ಚರಿಕೆಗಳೂ ಇವೆ.

ಹೊಳಪು ಎಂದರೇನು?

ಗಾಳಿಯಿಲ್ಲದ ಮುಂಜಾನೆ ಕೆರೆಯ ದಡದಲ್ಲಿ ನಿಂತರೆ ಆಚೆ ದಡದ ತೆಂಗಿನ ಮರಗಳು ನೀರಿನಲ್ಲಿ ತಲೆಕೆಳಗಾಗಿ ಸ್ಪಷ್ಟವಾಗಿ ಕಾಣುತ್ತವೆ. ಗಾಳಿ ಬೀಸಿ ಸಣ್ಣ ಅಲೆಗಳು ಎದ್ದರೆ ಚಿತ್ರ ಒಡೆದುಹೋಗುತ್ತದೆ. ನೀರು ಅದೇ, ಬೆಳಕೂ ಅದೇ. ಬದಲಾದದ್ದು ಮೇಲ್ಮೈಯ ನುಣುಪು ಮಾತ್ರ. ನುಣುಪಾದ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಒಂದೇ ದಿಕ್ಕಿಗೆ ಶಿಸ್ತಾಗಿ ಹಿಂದಿರುಗಿಸುತ್ತದೆ. ಒರಟು ಮೇಲ್ಮೈ ಅದನ್ನು ದಿಕ್ಕುದಿಕ್ಕಿಗೆ ಚೆದರಿಸಿಬಿಡುತ್ತದೆ. ಮೊದಲನೆಯದನ್ನು ನಾವು ಹೊಳಪು ಎನ್ನುತ್ತೇವೆ, ಎರಡನೆಯದನ್ನು ಮಂಕು ಎನ್ನುತ್ತೇವೆ.

ತೊಳೆದ ಕಾರು ಒದ್ದೆಯಿರುವಾಗ ಹೊಸದರಂತೆ ಕಾಣುವ ಗುಟ್ಟೂ ಇದೇ. ಬಣ್ಣದ ಮೇಲಿನ ಸಣ್ಣ ಗೀರು-ಗುಳಿಗಳನ್ನೆಲ್ಲ ನೀರು ತುಂಬಿ, ಅವುಗಳ ಮೇಲೆ ಸಮತಟ್ಟಾದ ಇನ್ನೊಂದು ಮೇಲ್ಮೈಯನ್ನು ಹಾಸುತ್ತದೆ. ನೀರು ಆರಿದರೆ ಗುಳಿಗಳು ಮತ್ತೆ ಬಾಯಿ ತೆರೆಯುತ್ತವೆ. ಅಂದರೆ ಬಣ್ಣ ಎಲ್ಲಿಯೂ ಹೋಗಿಲ್ಲ. ಅದರ ಮೇಲ್ಮೈ ಮಾತ್ರ ಕೆಟ್ಟಿದೆ.

ಹಾಗಾದರೆ ಎಷ್ಟು ನುಣುಪಾದರೆ ಸಾಕು? ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಗಳ ಉದ್ದ ಒಂದು ಮೈಕ್ರಾನಿಗಿಂತಲೂ ಕಡಿಮೆ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೇಲ್ಮೈಯ ಏರಿಳಿತಗಳು ಈ ಅಲೆಗಳಿಗಿಂತ ಬಹಳ ಸಣ್ಣದಾದರೆ ಬೆಳಕಿನ ಪಾಲಿಗೆ ಅವು ಇಲ್ಲವೇ ಇಲ್ಲ. ಐಸಾಕ್ ನ್ಯೂಟನ್ 1704ರಲ್ಲಿ ಪ್ರಕಟವಾದ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ಗಾಜಿಗೆ ಮೆರುಗು ಕೊಡುವ ಕೆಲಸವನ್ನು ಕುರಿತು ಹೇಳಿದ್ದೂ ಇದನ್ನೇ. ಎಷ್ಟೇ ನಯವಾದ ಪುಡಿಯಿಂದ ಉಜ್ಜಿದರೂ ಅದು ಗಾಜನ್ನು ಗೀರಿಯೇ ಸವೆಸುತ್ತದೆ. ಆ ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ನಾವು ಅದನ್ನು ಮೆರುಗು ಎಂದು ಕರೆಯುತ್ತೇವೆ ಎಂಬುದು ಅವನ ಮಾತಿನ ಸಾರ. ಮೆರುಗಿನ ಬಗ್ಗೆ ಆಮೇಲೆ ಬೇರೆ ಬೇರೆ ಸಿದ್ಧಾಂತಗಳು ಬಂದವು. ಕಾರಿನ ಶೆಡ್ಡಿನ ಮಟ್ಟಿಗೆ ಮಾತ್ರ ನ್ಯೂಟನ್ನನ ವಿವರಣೆಯೇ ಸಾಕು. ಅಲ್ಲಿ ನಡೆಯುವುದು ಗೀರು ಅಳಿಸುವ ಕೆಲಸವಲ್ಲ, ದೊಡ್ಡ ಗೀರನ್ನು ಸಣ್ಣದು ಮಾಡುತ್ತ ಹೋಗುವ ಕೆಲಸ.

ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ಕಾರಿನ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂಥ ಉಂಗುರಗಳನ್ನು ಅನೇಕರು ನೋಡಿರಬಹುದು. ಅಡುಗೆಮನೆಯ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದರೂ ಇದೇ ಕಾಣುತ್ತದೆ. ಯಾರೂ ದುಂಡಗೆ ಗೀರಿರುವುದಿಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಅವುಗಳಲ್ಲಿ ಬೆಳಕಿಗೆ ಅಡ್ಡಲಾಗಿ ಬಿದ್ದಿರುವವು ಮಾತ್ರ ನಮ್ಮ ಕಣ್ಣಿಗೆ ಮಿನುಗುತ್ತವೆ. ಅವೆಲ್ಲ ಸೇರಿ ಉಂಗುರದ ಭ್ರಮೆ ಹುಟ್ಟಿಸುತ್ತವೆ. ಕಾರಿನ ಮೇಲೆ ಈ ಗೀರುಗಳನ್ನು ಹಾಕಿದವರು ಬಹುಮಟ್ಟಿಗೆ ನಾವೇ. ಧೂಳು ಕುಳಿತ ಮೈಯನ್ನು ಬೆಳಿಗ್ಗೆ ಒಣಬಟ್ಟೆಯಿಂದ ಒರೆಸುವುದು ಎಂದರೆ ಮರಳಿನಿಂದ ಉಜ್ಜಿದ ಹಾಗೆಯೇ.

ಅಂಕಿ ಏರಿದಂತೆ ನಯ

ಶೆಡ್ಡಿನ ಕೆಲಸದಲ್ಲಿ ಒಂದು ಕ್ರಮವಿದೆ. ಉಪ್ಪುಕಾಗದದ ಬೆನ್ನಿನ ಮೇಲೆ ಅಂಕಿಗಳಿರುತ್ತವೆ. ಪುಡಿಯನ್ನು ಸೋಸುವ ಜರಡಿಯಲ್ಲಿ ಒಂದು ಅಂಗುಲಕ್ಕೆ ಎಷ್ಟು ಕಣ್ಣುಗಳು ಎಂಬ ಲೆಕ್ಕದಿಂದ ಬಂದ ಅಂಕಿಗಳು ಇವು. ಅಂಕಿ ಹೆಚ್ಚಿದಷ್ಟೂ ಕಣ ಸಣ್ಣದು. ಮರಗೆಲಸದವರ 80, 120ರ ಕಾಗದವನ್ನು ಕಾರಿನ ಬಣ್ಣದ ಮೇಲೆ ಇಟ್ಟರೆ ಕಥೆ ಮುಗಿಯಿತು. ಇಲ್ಲಿಗೆ ಬೇಕಾದದ್ದು 1500, 2000, 3000ರ ಕಾಗದ. 2000ರ ಕಾಗದದ ಕಣ ಸುಮಾರು 10 ಮೈಕ್ರಾನ್ ಮಾತ್ರ.

ಮೊದಲು 1500ರಿಂದ ಉಜ್ಜಿ ಹಳೆಯ ಗೀರುಗಳ ತಳದವರೆಗೆ ಇಳಿಯಬೇಕು. ಬಳಿಕ 2000ರಿಂದ ಉಜ್ಜಿ 1500 ಬಿಟ್ಟುಹೋದ ಗೀರನ್ನು ತೆಗೆಯಬೇಕು, 3000ರಿಂದ 2000ದ್ದನ್ನು. ಪ್ರತಿ ಸಲವೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ಬದಲಿಸುವುದು ವಾಡಿಕೆ. ಹಿಂದಿನ ಗೀರು ಪೂರ್ತಿ ಹೋಯಿತೇ ಎಂದು ಆಗ ಕಣ್ಣಿಗೆ ತಿಳಿಯುತ್ತದೆ. ನಡುವೆ ಒಂದು ಮೆಟ್ಟಿಲು ಹಾರಿದರೆ ಮುಂದಿನ ಕಾಗದ ಎಷ್ಟು ಹೊತ್ತು ಓಡಿದರೂ ಆಳದ ಗೀರು ಉಳಿದೇ ಇರುತ್ತದೆ. ಆತುರದ ಕೆಲಸ ಅಂದು ಹೊಳೆದು, ನಾಲ್ಕು ದಿನದಲ್ಲಿ ಬಣ್ಣ ಬಯಲಾಗುವುದು ಇದರಿಂದಲೇ.

ಕಾಗದದ ಸರದಿ ಮುಗಿದ ಮೇಲೆ ಕಾಂಪೌಂಡಿನದು. ಅದು ಅಲ್ಯೂಮಿನಿಯಂ ಆಕ್ಸೈಡಿನಂಥ ಗಟ್ಟಿ ಪುಡಿಯನ್ನು ಬೆರೆಸಿದ ಲೇಪ. ತಿರುಗುವ ಉಣ್ಣೆಯ ಪ್ಯಾಡು ಅದನ್ನು ಬಣ್ಣದ ಮೇಲೆ ಉಜ್ಜುತ್ತದೆ. ಇನ್ನೂ ನಯವಾದ ಪಾಲಿಶನ್ನು ಮೆತ್ತನೆಯ ಸ್ಪಂಜಿನ ಪ್ಯಾಡು ತಿಕ್ಕುತ್ತದೆ. ಸಣ್ಣ ಗೀರಿಗೆ ಹಲ್ಲುಜ್ಜುವ ಪೇಸ್ಟ್ ಹಚ್ಚುವ ಮನೆಮದ್ದು ಸ್ವಲ್ಪಮಟ್ಟಿಗೆ ಫಲ ಕೊಡುವುದಕ್ಕೂ ಇದೇ ಕಾರಣ. ಅದರಲ್ಲಿಯೂ ನಯವಾದ ಉಜ್ಜುಪುಡಿ ಇರುತ್ತದೆ. ಕೊನೆಯಲ್ಲಿ ಹಚ್ಚುವ ವ್ಯಾಕ್ಸ್ ಮಾತ್ರ ಬೇರೆ ಜಾತಿಯದು. ಅದು ಏನನ್ನೂ ತೆಗೆಯುವುದಿಲ್ಲ. ನೀರಿನ ಹಾಗೆ ಉಳಿದ ಗುಳಿಗಳನ್ನು ತುಂಬಿ, ಮೇಲೊಂದು ತೆಳುವಾದ ಹೊದಿಕೆ ಹಾಕುತ್ತದೆ. ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತೊಳೆದುಹೋಗುತ್ತದೆ.

ಅರಗಿನಿಂದ ಸಿಡಿಮದ್ದಿನವರೆಗೆ

ಈ ವಿದ್ಯೆ ಕಾರಿಗಿಂತ ಬಹಳ ಹಳೆಯದು. ಹಳೇಬೀಡಿನ ಪಾರ್ಶ್ವನಾಥ ಬಸದಿಗೆ ಹೋದವರಿಗೆ ಅಲ್ಲಿಯ ಕಂಬಗಳ ಮುಂದೆ ನಿಲ್ಲಿಸಿ ಪ್ರತಿಬಿಂಬ ತೋರಿಸುವುದುಂಟು. 1133ರಲ್ಲಿ ಕಟ್ಟಿಸಿದ ಆ ಬಸದಿಯ ಕಲ್ಲಿಗೆ ಬಣ್ಣವಿಲ್ಲ, ಎಣ್ಣೆಯಿಲ್ಲ. ಇರುವುದು ಉಜ್ಜಿದ ನುಣುಪು ಒಂದೇ. ಚನ್ನಪಟ್ಟಣದ ಗೊಂಬೆಯ ಹೊಳಪಿನಲ್ಲಿಯೂ ತಿಕ್ಕಾಟದ ಪಾತ್ರವಿದೆ. ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಒಣಗಿದ ಗರಿಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಕನ್ನಡಿಯಂತಾಗುತ್ತದೆ.

ಸ್ವಾರಸ್ಯವೆಂದರೆ ಕಾರಿನ ಬಣ್ಣಕ್ಕೂ ಅರಗಿಗೂ ಹೆಸರಿನ ನಂಟಿದೆ. ಅರಗಿಗೆ ಸಂಸ್ಕೃತದಲ್ಲಿ ‘ಲಾಕ್ಷಾ’. ಆ ಶಬ್ದ ಹಿಂದಿಯ ‘ಲಾಖ್’ ಆಗಿ, ಪೋರ್ಚುಗೀಸರ ಬಾಯಲ್ಲಿ ‘ಲಾಕ’ ಆಗಿ, ಇಂಗ್ಲಿಷಿನಲ್ಲಿ ‘ಲ್ಯಾಕರ್’ ಆಯಿತು. 1920ರ ದಶಕದಲ್ಲಿ ಕಾರುಗಳ ಚರಿತ್ರೆಯನ್ನೇ ಬದಲಿಸಿದ ಬಣ್ಣಕ್ಕೆ ಅದೇ ಹೆಸರು.

ಅದಕ್ಕೆ ಮೊದಲು ಮೋಟಾರು ಕಾರಿಗೂ ಕುದುರೆಗಾಡಿಯ ವಾರ್ನಿಷ್ ಪದ್ಧತಿಯೇ ನಡೆದಿತ್ತು. ಎಣ್ಣೆ ಮತ್ತು ರಾಳ ಬೆರೆಸಿದ ವಾರ್ನಿಷನ್ನು ಕುಂಚದಲ್ಲಿ ಬಳಿದು, ಒಣಗಲು ಬಿಟ್ಟು, ಹಗುರವಾದ ಜ್ವಾಲಾಮುಖಿ ಕಲ್ಲಿನ ಪುಡಿಯಿಂದ ಉಜ್ಜಿ, ಮತ್ತೆ ಬಳಿದು, ಮತ್ತೆ ಉಜ್ಜಿ, ಹೀಗೆ ಪದರದ ಮೇಲೆ ಪದರ. ಒಂದು ಕಾರಿನ ಬಣ್ಣ ಮುಗಿಯಲು ಎರಡರಿಂದ ನಾಲ್ಕು ವಾರ. ದಿನಕ್ಕೆ ಸಾವಿರ ಕಾರು ಮಾಡುವ ಕಾರ್ಖಾನೆಯಾದರೆ ಬಣ್ಣ ಒಣಗಲು ಕಾದು ನಿಂತ ಕಾರುಗಳೇ ಇಪ್ಪತ್ತು ಸಾವಿರದ ಹತ್ತಿರ. ಹೆನ್ರಿ ಫೋರ್ಡ್ ತನ್ನ ಮಾಡೆಲ್-ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಮಾರಿದ್ದು ಪ್ರಸಿದ್ಧ. ಅಗ್ಗವಾಗಿ ಸಿಗುತ್ತಿದ್ದ, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡಬಹುದಾದ, ಬಾಳಿಕೆ ಬರುವ ಬಣ್ಣ ಆಗ ಅದೇ ಆಗಿತ್ತು.

ಈ ಕಗ್ಗಂಟನ್ನು ಬಿಡಿಸಿದ್ದು ಸಿಡಿಮದ್ದಿನ ಕಾರ್ಖಾನೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಡುಪಾಂಟ್ ಕಂಪೆನಿ ಹೊಗೆಯಿಲ್ಲದ ಮದ್ದಿಗಾಗಿ ನೈಟ್ರೊಸೆಲ್ಯುಲೋಸನ್ನು ರಾಶಿರಾಶಿಯಾಗಿ ತಯಾರಿಸಿತ್ತು. ಹತ್ತಿಗೆ ನೈಟ್ರಿಕ್ ಆಮ್ಲ ಊಡಿಸಿ ಮಾಡುವ ವಸ್ತು ಇದು. ಯುದ್ಧ ಮುಗಿದ ಮೇಲೆ ಅದಕ್ಕೆ ಬೇರೆ ಬಳಕೆಗಳನ್ನು ಹುಡುಕುವಾಗ ಹುಟ್ಟಿದ್ದು ‘ಡ್ಯೂಕೊ’ ಎಂಬ ಲ್ಯಾಕರ್. ಪಿಚಕಾರಿಯಲ್ಲಿ ಸಿಂಪಡಿಸಿದರೆ ನಿಮಿಷಗಳಲ್ಲಿ ಒಣಗುವ, ಬೇಕಾದ ಬಣ್ಣದಲ್ಲಿ ಸಿಗುವ ಲೇಪ. 1923ರಲ್ಲಿ ಜನರಲ್ ಮೋಟಾರ್ಸ್ ತನ್ನ ಓಕ್ಲೆಂಡ್ ಕಾರಿಗೆ ಡ್ಯೂಕೊದ ನೀಲಿಯನ್ನು ಬಳಿದು ಮಾರುಕಟ್ಟೆಗೆ ತಂದಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಬಣ್ಣದ ಕೆಲಸಗಾರರು ಇಂದಿಗೂ ಸಿಂಪಡಿಸುವ ಬಣ್ಣಕ್ಕೆ ‘ಡ್ಯೂಕೊ ಪೇಂಟ್’ ಎನ್ನುವುದು ಆ ಕಾಲದ ಉಳಿಕೆ. ಪಾಂಡವರ ಅರಗಿನ ಮನೆಯನ್ನು ನೆನಪಿಸುವಷ್ಟು ಬೆಂಕಿಯ ಗುಣ ಈ ‘ಅರಗಿ’ಗೂ ಇತ್ತು, ಸಿಂಪಡಿಸುವ ಕೋಣೆಯಲ್ಲಿ ಒಂದು ಕಿಡಿ ಸಾಕಿತ್ತು.

ಡ್ಯೂಕೊಗೆ ಇನ್ನೊಂದು ಗುಣವಿತ್ತು. ಅದು ಒಣಗಿದಾಗ ತಾನಾಗಿ ಹೊಳೆಯುತ್ತಿರಲಿಲ್ಲ. ಉಜ್ಜಿಯೇ ಹೊಳಪು ಬರಿಸಬೇಕಿತ್ತು. ಹೀಗಾಗಿ ಉಜ್ಜುವುದು ಹಳೆಯ ಕಾರಿನ ಚಿಕಿತ್ಸೆಯಷ್ಟೇ ಆಗದೆ ಹೊಸ ಕಾರಿನ ತಯಾರಿಕೆಯ ಭಾಗವೂ ಆಯಿತು. ಮುಂದೆ ತಾನಾಗಿ ಹೊಳೆಯುವ ಎನಾಮಲ್ ಬಣ್ಣಗಳು ಬಂದರೂ ಉಜ್ಜುವ ಕಸುಬು ಶೆಡ್ಡುಗಳಲ್ಲಿ ಉಳಿಯಿತು.

ನೀರು ಬಂದ ಕಥೆ

ಮೊದಮೊದಲು ಈ ಉಜ್ಜುವಿಕೆಯೆಲ್ಲ ಒಣ ಕಾಗದದಲ್ಲಿ ನಡೆಯುತ್ತಿತ್ತು. ಅಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮುಚ್ಚಿದ ಶೆಡ್ಡಿನಲ್ಲಿ ದಿನವಿಡೀ ಉಜ್ಜುವವರು ಆ ಪುಡಿಯನ್ನೇ ಉಸಿರಾಡಬೇಕಿತ್ತು. ನೀರು ಹಾಕಿ ಉಜ್ಜೋಣವೆಂದರೆ ಕಾಗದ ಮೆತ್ತಗಾಗುತ್ತಿತ್ತು, ಅಂಟು ಬಿಟ್ಟು ಪುಡಿ ಉದುರುತ್ತಿತ್ತು.

ಫಿಲಡೆಲ್ಫಿಯಾದಲ್ಲಿ ಮುದ್ರಣದ ಶಾಯಿ ತಯಾರಿಸುತ್ತಿದ್ದ ಫ್ರಾನ್ಸಿಸ್ ಓಕಿ ಎಂಬಾತ ನೀರಿಗೆ ಬಿಚ್ಚದ ಉಪ್ಪುಕಾಗದವನ್ನು ಮಾಡುವ ದಾರಿ ಕಂಡುಕೊಂಡ. ಅದಕ್ಕೆ ಬೇಕಾದ ಖನಿಜದ ಪುಡಿಯ ಮಾದರಿ ಕಳುಹಿಸಿ ಎಂದು ಅವನು ಬರೆದ ಪತ್ರ, ಮುಂದೆ 3ಎಂ ಎಂದು ಹೆಸರಾದ ಮಿನ್ನೆಸೋಟಾದ ಕಂಪೆನಿಯನ್ನು ತಲುಪಿತು. ಪುಡಿ ಯಾಕೆ ಬೇಕೆಂಬ ಕುತೂಹಲದಿಂದ ವಿಚಾರಿಸಿದ ಕಂಪೆನಿ ಅವನ ಹಕ್ಕನ್ನೇ ಕೊಂಡು, 1921ರಲ್ಲಿ ಜಲನಿರೋಧಕ ಉಪ್ಪುಕಾಗದವನ್ನು ಮಾರುಕಟ್ಟೆಗೆ ತಂದಿತು. ನಮ್ಮ ಶೆಡ್ಡುಗಳ ‘ವಾಟರ್ ಪೇಪರ್’ ಇದರ ವಂಶದ್ದೇ. ಈ ಕಾಗದವನ್ನು ಪರೀಕ್ಷೆಗೆಂದು ಕಾರಿನ ಶೆಡ್ಡುಗಳಿಗೆ ಒಯ್ಯುತ್ತಿದ್ದ ರಿಚರ್ಡ್ ಡ್ರೂ ಎಂಬ ಯುವಕ, ಎರಡು ಬಣ್ಣದ ಕಾರಿಗೆ ಗೆರೆ ಕೆಡದಂತೆ ಬಣ್ಣ ಹೊಡೆಯಲಾಗದೆ ಬೈದಾಡುತ್ತಿದ್ದ ಕೆಲಸಗಾರರನ್ನು ಕಂಡು 1925ರಲ್ಲಿ ಮಾಸ್ಕಿಂಗ್ ಟೇಪ್ ಕಂಡುಹಿಡಿದದ್ದು ಇನ್ನೊಂದು ಕಥೆ.

ನೀರು ಮಾಡುವ ಕೆಲಸ ಒಂದೆರಡಲ್ಲ. ಅದು ಪುಡಿ ಹಾರದಂತೆ ತಡೆಯುತ್ತದೆ. ಕಾಗದದ ಕಣಗಳ ನಡುವೆ ಬಣ್ಣ ಮೆತ್ತಿಕೊಳ್ಳದಂತೆ ತೊಳೆಯುತ್ತದೆ, ತಿಕ್ಕಾಟದ ಬಿಸಿಯನ್ನು ಆರಿಸುತ್ತದೆ. ಅದರಲ್ಲಿ ಒಂದು ತೊಟ್ಟು ಸೋಪು ಬಿದ್ದರೆ ಕಾಗದ ಸಲೀಸಾಗಿ ಜಾರುತ್ತದೆ. ಆದರೂ ಅಪಾಯ ಪೂರ್ತಿ ಕಳೆಯುವುದಿಲ್ಲ. ನೆಲದ ಮೇಲೆ ಹರಿದ ಬಣ್ಣದ ರಾಡಿಯನ್ನು ಹಾಗೆಯೇ ಒಣಗಲು ಬಿಟ್ಟು ಮರುದಿನ ಪೊರಕೆಯಿಂದ ಗುಡಿಸಿದರೆ ಅದು ಮತ್ತೆ ಧೂಳೇ. ಭಾರತದಲ್ಲಿ ಸೀಸದ ಮೇಲೆ ಮಿತಿ ಹಾಕಿದ 2016ರ ನಿಯಮಗಳು ಮನೆ ಮತ್ತು ಅಲಂಕಾರದ ಬಣ್ಣಗಳಿಗೆ ಸಂಬಂಧಿಸಿದವು. ಹಳೆಯ ವಾಹನಗಳ ಮೈಮೇಲಿನ ಹಳದಿ, ಕೆಂಪು ಪದರಗಳಲ್ಲಿ ಸೀಸ ಇರುವ ಸಂಭವ ಇದ್ದೇ ಇದೆ. ಹೊಸ ಬಗೆಯ ಎರಡು ಡಬ್ಬಿ ಬೆರೆಸುವ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕವಿರುತ್ತದೆ. ಬಣ್ಣ ಸಿಂಪಡಿಸುವವರಿಗೆ ಕಸುಬಿನಿಂದ ಬರುವ ಅಸ್ತಮಾಕ್ಕೆ ಅದು ಜಗತ್ತಿನಲ್ಲೆಲ್ಲ ಗುರುತಿಸಲಾದ ಕಾರಣ. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯಲಾರದು. ಉಜ್ಜುವಾಗ ನೀರು, ಸಿಂಪಡಿಸುವಾಗ ತಕ್ಕ ಮುಖವಾಡ: ಇವೆರಡೂ ಇಲ್ಲದ ಶೆಡ್ಡಿನ ಅಗ್ಗದ ದರವನ್ನು ಯಾರದೋ ಶ್ವಾಸಕೋಶ ಭರಿಸುತ್ತಿರುತ್ತದೆ.

ಪತ್ರಿಕೆಯ ಹಾಳೆಗಿಂತ ತೆಳು

ಇನ್ನೊಂದು ಎಚ್ಚರಿಕೆ ಮಾಲೀಕರಿಗೆ. ಹೊಳಪನ್ನು ಯಾರೂ ಹಚ್ಚುವುದಿಲ್ಲ. ಬಣ್ಣವನ್ನು ಸವೆಸಿ ಪಡೆಯುತ್ತಾರೆ. ಹಾಗಾದರೆ ಸವೆಸಲು ಎಷ್ಟಿದೆ?

ಹಳೆಯ ಅಂಬಾಸಿಡರ್, ಫಿಯೆಟ್ ಕಾರುಗಳಲ್ಲಿ ಬಣ್ಣವೇ ಮೇಲಿನ ಪದರ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣವನ್ನು ಹಿಡಿದಿಟ್ಟ ರಾಳವನ್ನು ಒಡೆದಾಗ ಬಣ್ಣದ ಪುಡಿ ಸಡಿಲವಾಗಿ, ಕೈಯಾಡಿಸಿದರೆ ಸೀಮೆಸುಣ್ಣದಂತೆ ಹತ್ತುತ್ತಿತ್ತು. ಅಂಥ ಕಾರನ್ನು ಉಜ್ಜಿದರೆ ಬಟ್ಟೆಗೂ ಕಾರಿನ ಬಣ್ಣವೇ ಮೆತ್ತುತ್ತದೆ. 1980ರ ದಶಕದಿಂದ ಜಗತ್ತಿನ ಕಾರುಗಳಲ್ಲಿ ಬೇರೊಂದು ಪದ್ಧತಿ ಹಬ್ಬಿತು. ಕೆಳಗೆ ತೆಳುವಾದ ಬಣ್ಣ, ಮೇಲೆ ಬಣ್ಣವಿಲ್ಲದ ಪಾರದರ್ಶಕ ಲೇಪ. ಶೆಡ್ಡಿನವರು ಅದನ್ನು ‘ಕ್ಲಿಯರ್’ ಎನ್ನುತ್ತಾರೆ. ಬಿಸಿಲನ್ನು ತಡೆಯುವ ರಾಸಾಯನಿಕಗಳಿರುವುದು ಅದರಲ್ಲಿಯೇ.

ಇಂದಿನ ಕಾರಿನ ಮೇಲೆ ತಗಡಿನಿಂದ ಮೇಲಿನ ಎಲ್ಲ ಪದರಗಳೂ ಸೇರಿ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರಿನ ಪಾಲು 40-50 ಮೈಕ್ರಾನ್. ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ಒಂದು ಹಾಳೆ ಅದಕ್ಕಿಂತ ದಪ್ಪ. ಉಪ್ಪುಕಾಗದದಿಂದ ಹಿಡಿದು ಬಫಿಂಗಿನವರೆಗೆ ಪೂರ್ತಿ ಒಂದು ಸುತ್ತು ಮುಗಿಸಿದರೆ ಕೆಲವು ಮೈಕ್ರಾನ್ ಹೋಗಿರುತ್ತದೆ. ಕೈ ಭಾರವಾದರೆ ಹತ್ತಕ್ಕೂ ಮೇಲೆ. ಬಾನೆಟ್ಟಿನ ಅಂಚು, ಬಾಗಿಲಿನ ಏಣುಗಳಲ್ಲಿ ಲೇಪ ಮೊದಲೇ ತೆಳುವಾಗಿರುತ್ತದೆ. ತಿರುಗುವ ಪ್ಯಾಡು ಅಲ್ಲಿ ಎರಡು ಕ್ಷಣ ಹೆಚ್ಚು ನಿಂತರೂ ಕೆಳಗಿನ ಪದರ ಬಯಲಿಗೆ ಬರುತ್ತದೆ. ಅದಕ್ಕೆ ಮತ್ತೆ ಬಣ್ಣ ಹೊಡೆಯುವುದೊಂದೇ ಮದ್ದು. ಕ್ಲಿಯರ್ ತೀರಾ ತೆಳುವಾದರೆ ಹೊಳಪು ಅಂದಿಗೆ ಬಂದಂತೆ ಕಂಡರೂ, ಬಿಸಿಲಿಗೆ ರಕ್ಷಣೆಯಿಲ್ಲದ ಕೆಳಗಿನ ಬಣ್ಣ ಬೇಗ ಕೆಡುತ್ತದೆ. ಮೇಲಿನ ಲೇಪ ಹಾವಿನ ಪೊರೆಯಂತೆ ಏಳುತ್ತದೆ. ವರ್ಷಕ್ಕೊಮ್ಮೆ ಹಬ್ಬಕ್ಕೆಂದು ಉಜ್ಜಿಸುವವರು ಕಾರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂದುಕೊಂಡೇ ಅದರ ಆಯಸ್ಸನ್ನು ಕಡಿಮೆ ಮಾಡುತ್ತಿರುತ್ತಾರೆ.

ಒಳ್ಳೆಯ ಕೆಲಸಗಾರನ ಗುರುತೂ ಇಲ್ಲಿಯೇ ಇದೆ. ಅವನು ಮೊದಲು ಗೀರಿನ ಮೇಲೆ ಉಗುರು ಆಡಿಸಿ ನೋಡುತ್ತಾನೆ. ಉಗುರು ಸಿಕ್ಕಿಕೊಂಡರೆ ಆ ಗೀರು ಉಜ್ಜಿ ತೆಗೆಯಲಾಗದಷ್ಟು ಆಳವಾಗಿದೆ ಎಂದು ಲೆಕ್ಕ. ಕಾಂಪೌಂಡಿನಿಂದಲೇ ಹೋಗುವ ಮಂಕಿಗೆ ಕಾಗದ ಮುಟ್ಟಿಸುವುದಿಲ್ಲ. ಅಂಚುಗಳಿಗೆ ಟೇಪ್ ಹಚ್ಚಿಕೊಳ್ಳುತ್ತಾನೆ. ಲೇಪದ ದಪ್ಪ ಅಳೆಯುವ ಕೈಯಗಲದ ಮೀಟರುಗಳೂ ಈಗ ಸಿಗುತ್ತವೆ. ತಗಡಿಗೆ ತಾಗಿಸಿದರೆ ಎಷ್ಟು ಮೈಕ್ರಾನ್ ಉಳಿದಿದೆ ಎಂದು ತೋರಿಸುತ್ತವೆ.

ಹಳೇಬೀಡಿನ ಕಂಬಕ್ಕೆ ಈ ಲೆಕ್ಕ ಬೇಕಿರಲಿಲ್ಲ. ಉಜ್ಜಿದಷ್ಟೂ ಒಳಗೆ ಅದೇ ಕಲ್ಲು ಇತ್ತು. ಕಾರಿನ ಹೊಳಪು ಇರುವುದು ಒಂದು ಹಾಳೆಯ ದಪ್ಪದೊಳಗೆ. ಹಾಗಾಗಿ ದಿನನಿತ್ಯ ಮಾಡಬೇಕಾದದ್ದು ಸರಳ: ನೆರಳಿನಲ್ಲಿ ನಿಲ್ಲಿಸುವುದು, ಹಕ್ಕಿಯ ಹಿಕ್ಕೆಯನ್ನು ಅಂದೇ ತೊಳೆಯುವುದು, ಧೂಳಿನ ಮೇಲೆ ಒಣಬಟ್ಟೆ ಆಡಿಸದೆ ಮೊದಲು ಧಾರಾಳ ನೀರು ಸುರಿಯುವುದು. ಮುಂದಿನ ಆಯುಧಪೂಜೆಗೆ ಕಾರನ್ನು ಶೆಡ್ಡಿಗೆ ಒಯ್ದಾಗ ‘ಎಷ್ಟು ಹೊಳಪು ಬರುತ್ತದೆ’ ಎಂದು ಕೇಳುವ ಮೊದಲು ‘ಉಜ್ಜಲು ಇನ್ನೆಷ್ಟು ಉಳಿದಿದೆ’ ಎಂದು ಕೇಳಿ. ಬಕೆಟ್ಟಿನಲ್ಲಿ ನೀರಿದೆಯೇ ಎಂದೂ ನೋಡಿ.